ಶರತ್ಕಾಲದಲ್ಲಿ ಸ್ಯಾಂಡ್‌ವುಡ್ ಕೊಲ್ಲಿ, ಅಲ್ಲಿಂದ ಮುಂದೆ ಕೇಪ್ ರಾಥ್: ನಡೆದು ಹೋಗುವವರಿಗೆ

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯ ಬ್ಲೇರ್‌ಮೋರ್ ಎಂಬ ಪುಟ್ಟ ಊರಿನಿಂದ ಸ್ಯಾಂಡ್‌ವುಡ್ ಕೊಲ್ಲಿಗೆ ಕಾಲುದಾರಿಯಲ್ಲಿ ಸುಮಾರು 6.5 ಕಿ.ಮೀ. ಹೋಗಿ ಬಂದರೆ 13. ಕೊಲ್ಲಿಯಿಂದ ಉತ್ತರಕ್ಕೆ ಕೇಪ್ ರಾಥ್ ದೀಪಸ್ತಂಭ ಇನ್ನೂ ಸುಮಾರು 13 ಕಿ.ಮೀ. ದೂರ, ಅದೂ ದಾರಿಯೇ ಇಲ್ಲದ ಜವುಗು ಬಯಲಿನಲ್ಲಿ. ಕುದುರೆಮುಖ ಹತ್ತಿಳಿದವರಿಗೆ ಈ ಅಂಕಿಗಳು ಏನೂ ಅನ್ನಿಸಲಿಕ್ಕಿಲ್ಲ. ಎಡವಟ್ಟಾಗುವುದೂ ಅಲ್ಲೇ. ಸೆಪ್ಟೆಂಬರ್ ಕೊನೆಯಿಂದ ಈ ಕರಾವಳಿಯಲ್ಲಿ ಎಷ್ಟು ದೂರ ಹೋಗಬಹುದು ಅನ್ನುವುದನ್ನು ಹಗಲಿನ ಉದ್ದ ಮತ್ತು ಹೊಳೆಯ ನೀರು ತೀರ್ಮಾನಿಸುತ್ತವೆ. ಕಾಲಿನ ಕಸುವಿನ ಮಾತು ಆಮೇಲೆ.

ಎಡಿನ್‌ಬರೋ, ಅಬರ್ಡೀನ್ ಕಡೆ ಕೆಲಸಕ್ಕಿರುವವರು ವಾರಾಂತ್ಯಕ್ಕೆ ರಜೆ ಸೇರಿಸಿಕೊಂಡು ಹೊರಡುವುದಾದರೆ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ನಡುವಿನವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮುಖ ಮುಚ್ಚಿಕೊಂಡು ಓಡುವಂತೆ ಮಾಡುವ ಮಿಜ್ ಎಂಬ ಕಚ್ಚುವ ಸಣ್ಣ ನೊಣ ಅಷ್ಟರಲ್ಲಿ ಬಹುಪಾಲು ಅಡಗಿರುತ್ತದೆ, ಹುಲ್ಲುಗಾವಲು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ಜನ ಕಡಿಮೆ. ಆದರೆ ಹಗಲು ಕರಗುವ ವೇಗ ನಮ್ಮೂರಿನವರ ಅಂದಾಜಿಗೆ ಸಿಗುವುದಿಲ್ಲ. ಸೆಪ್ಟೆಂಬರ್ 22ಕ್ಕೆ 12 ಗಂಟೆಗೂ ತುಸು ಹೆಚ್ಚಿರುವ ಹಗಲು ಅಕ್ಟೋಬರ್ 15ಕ್ಕೆ 10 ಗಂಟೆ 20 ನಿಮಿಷದಷ್ಟಾಗಿ, ತಿಂಗಳ ಕೊನೆಗೆ 9 ಗಂಟೆಗೆ ಇಳಿದಿರುತ್ತದೆ. ದಿನಕ್ಕೆ ಸುಮಾರು 5 ನಿಮಿಷ ಖೋತಾ. ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಾದ್ದರಿಂದ ಅಲ್ಲಿಂದಾಚೆ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ.

ಹಾಗಾಗಿ ವೇಳಾಪಟ್ಟಿಯನ್ನು ಬೆಳಗ್ಗೆಯಿಂದ ಮುಂದಕ್ಕೆ ಹಾಕಬೇಡಿ, ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಅಕ್ಟೋಬರ್ 15ರಂದು ಸೂರ್ಯಾಸ್ತ ಸುಮಾರು 6.15ಕ್ಕೆ. ಕಾರಿನ ಬಳಿ 5.15ಕ್ಕೆ ಇರಬೇಕು. ವಾಪಸು ನಡಿಗೆಗೆ 2 ಗಂಟೆ, ಅದು ತಡವಾದರೆ ಇರಲಿ ಎಂದು ಅರ್ಧ ಗಂಟೆ. ಅಂದರೆ ಕೊಲ್ಲಿಯಿಂದ ಹೊರಡುವ ಹೊತ್ತು 2.45. ಆ ಹೊತ್ತನ್ನು ನಕ್ಷೆಯ ಅಂಚಿನಲ್ಲಿ ಬರೆದುಕೊಳ್ಳಿ. ಮರಳಿನ ಮೇಲೆ ಬಿಸಿಲು ಬಿದ್ದಿರುವಾಗ ‘ಇನ್ನೊಂದು ಸ್ವಲ್ಪ ಹೊತ್ತು’ ಎನ್ನುವ ಗೆಳೆಯರು ಎಲ್ಲ ಗುಂಪಿನಲ್ಲೂ ಇರುತ್ತಾರೆ, ಬರೆದಿಟ್ಟ ಹೊತ್ತಿನ ಮುಂದೆ ಅವರ ಮಾತು ನಡೆಯುವುದಿಲ್ಲ.

ತಲುಪುವುದು

ಇನ್ವರ್ನೆಸ್‌ನಿಂದ ಸುಮಾರು 150 ಕಿ.ಮೀ., ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಶರತ್ಕಾಲದಲ್ಲಿ ಬಸ್ಸನ್ನು ನಂಬಿ ಹೊರಡುವುದು ಕಷ್ಟ. ಕೊನೆಯ ಭಾಗದ ರಸ್ತೆ ಒಂದೇ ಗಾಡಿಯ ಅಗಲ, ಅಲ್ಲಲ್ಲಿ ಎದುರು ಗಾಡಿಗೆ ದಾರಿ ಬಿಡಲು ಉಬ್ಬಿದ ಜಾಗ ಇರುತ್ತದೆ. ಆ ಜಾಗದಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯಲು ಇಳಿಯಬೇಡಿ. ಹಿಂದೆ ಸ್ಥಳೀಯರ ಗಾಡಿ ಬಂದರೂ ಅಲ್ಲೇ ಪಕ್ಕಕ್ಕೆ ಸರಿದು ಮುಂದೆ ಬಿಡಿ. ಪೆಟ್ರೋಲನ್ನು ಅಲ್ಲಪೂಲ್ ಅಥವಾ ಲೇರ್ಗ್‌ನಲ್ಲೇ ತುಂಬಿಸಿಕೊಳ್ಳಿ. ಮುಸ್ಸಂಜೆಯ ನಂತರ ಜಿಂಕೆ, ಕುರಿ ರಸ್ತೆಯಲ್ಲೇ ನಿಂತಿರುತ್ತವೆ.

ಸ್ಯಾಂಡ್‌ವುಡ್ ಎಸ್ಟೇಟನ್ನು 1993ರಿಂದ ಜಾನ್ ಮ್ಯೂರ್ ಟ್ರಸ್ಟ್ ಎಂಬ ಪರಿಸರ ಸಂಸ್ಥೆ ನೋಡಿಕೊಳ್ಳುತ್ತಿದೆ. ಪಾರ್ಕಿಂಗ್ ಬ್ಲೇರ್‌ಮೋರ್‌ನಲ್ಲಿ. ಸ್ಕಾಟ್ಲೆಂಡಿನ 2003ರ ಭೂ ಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆಯುವವರಿಗೆ ಖಾಸಗಿ ಬಯಲಿನಲ್ಲೂ ಓಡಾಡುವ, ಗುಡಾರ ಹಾಕುವ ಹಕ್ಕು ಕೊಟ್ಟಿದೆ. ಆದರೆ ಆಗಸ್ಟ್‌ನಿಂದ ಅಕ್ಟೋಬರ್ 20ರ ತನಕ ಗಂಡು ಜಿಂಕೆ ಬೇಟೆ ಜೋರಾಗಿರುವ ಕಾಲ. ಬೇಟೆ ನಡೆಯುವ ಎಸ್ಟೇಟುಗಳು ಫಲಕ ಹಾಕಿ ಯಾವ ದಿಕ್ಕು ಬಿಡಬೇಕೆಂದು ತಿಳಿಸುತ್ತವೆ. ಭಾನುವಾರ ಬೇಟೆಯಾಡುವ ರೂಢಿಯಿಲ್ಲವಾದ್ದರಿಂದ ದಾರಿಬಿಟ್ಟು ನಡೆಯಲು ಭಾನುವಾರ ಒಳ್ಳೆಯದು. ಅಕ್ಟೋಬರಿನಲ್ಲಿ ಬೆದೆಯ ಗಂಡು ಜಿಂಕೆಯ ಗುಡುಗು ಬಯಲಿನ ತುಂಬ ಕೇಳುತ್ತದೆ. ದೂರದಿಂದಲೇ ಕೇಳಿಸಿಕೊಳ್ಳಿ, ಹತ್ತಿರ ಹೋಗುವುದು ಬೇಡ.

ಮೈಮೇಲೆ ಏನು, ಚೀಲದಲ್ಲಿ ಏನು

ಗೋಕರ್ಣದಿಂದ ಕುಮಟಾದವರೆಗೆ ಕಡಲಂಚಿನಲ್ಲಿ ಟೀ ಶರ್ಟು, ಚಪ್ಪಲಿಯಲ್ಲಿ ನಡೆದ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತಾಪಮಾನ 8 ಡಿಗ್ರಿ ಇದ್ದು ಗಂಟೆಗೆ 50 ಕಿ.ಮೀ. ಗಾಳಿ ಬೀಸಿದರೆ ಮೈಗೆ 3 ಡಿಗ್ರಿಯಂತೆ ತಾಗುತ್ತದೆ, ಅದೂ ಒಣಗಿದ ಮೈಗೆ. ಹತ್ತಿ ಬಟ್ಟೆ ಒದ್ದೆಯಾದರೆ ಮೈಗೆ ಅಂಟಿಕೊಂಡು ಶಾಖವನ್ನು ಎಳೆದುಬಿಡುತ್ತದೆ. ಜೀನ್ಸ್ ಅಂತೂ ಬೇಡವೇ ಬೇಡ. ಒಳಗೆ ತೆಳು ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್, ಹೊರಗೆ ಟೋಪಿಯಿರುವ ಮಳೆ ಜಾಕೆಟ್, ಕೆಳಗೆ ಮಳೆ ಪ್ಯಾಂಟು. ಜಾಕೆಟ್ ಮಾತ್ರ ತಂದು ಪ್ಯಾಂಟು ಬಿಟ್ಟುಬರುವುದು ಸಾಮಾನ್ಯ. ಜಾಕೆಟ್ಟಿನಿಂದ ಇಳಿದ ನೀರೆಲ್ಲ ತೊಡೆಗೆ, ಅಲ್ಲಿಂದ ಬೂಟಿನೊಳಕ್ಕೆ ಹೋಗುತ್ತದೆ. ಗಿಣ್ಣು ಮುಚ್ಚುವ ಬೂಟು, ಬೂಟಿನ ಮೇಲಿಂದ ಮೊಣಕಾಲಿನವರೆಗೆ ಕಟ್ಟುವ ಗೇಟರ್ ಎಂಬ ಹೊದಿಕೆ, ಎರಡು ಜೊತೆ ಕೈಗವಸು. ಬದಲಿ ಕಾಲುಚೀಲ ಮತ್ತು ಒಂದು ದಪ್ಪ ಸ್ವೆಟರ್ ನೀರು ಹೋಗದ ಚೀಲದಲ್ಲಿ ಬೇರೆಯಾಗಿ ಇರಲಿ, ನಿಂತಾಗ ಮಾತ್ರ ಹೊರತೆಗೆಯಲು.

ತಲೆಗೆ ಕಟ್ಟುವ ಟಾರ್ಚ್ ಪ್ರತಿಯೊಬ್ಬರಿಗೂ ಒಂದೊಂದು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡನನ್ಸ್ ಸರ್ವೆಯ 1:25,000 ಅಳತೆಯ 446ನೇ ಎಕ್ಸ್‌ಪ್ಲೋರರ್ ನಕ್ಷೆ ಈ ಇಡೀ ಭಾಗಕ್ಕೆ ಸಾಕು, ಜೊತೆಗೆ ದಿಕ್ಸೂಚಿ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡಿರಿ, ಆದರೆ ಒದ್ದೆ ಬೆರಳಿಗೆ ಪರದೆ ಕೇಳುವುದಿಲ್ಲ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಫೋನೂ ಪವರ್ ಬ್ಯಾಂಕೂ ಒಳಜೇಬಿನಲ್ಲಿರಲಿ. ಊಟಕ್ಕೆ ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಹಾಕಿ ಸುತ್ತಿಕೊಂಡು ಬಂದರೆ ಗಾಳಿಯಲ್ಲಿ ನಿಂತೇ ತಿನ್ನಬಹುದು. ಡಬ್ಬಿ ಬಿಚ್ಚಿ ಅನ್ನ ಕಲಸುವ ಜಾಗ ಇದಲ್ಲ.

ಕೊಲ್ಲಿಯವರೆಗೆ

ದಾರಿ ಸ್ಪಷ್ಟವಾಗಿದೆ. ಮೊದಲರ್ಧ ಗಾಡಿ ಹೋಗುವಂಥ ಜಲ್ಲಿ ದಾರಿ, ಸಣ್ಣ ಕೆರೆಗಳ ಪಕ್ಕದಲ್ಲಿ ಸಾಗುತ್ತದೆ. ಆಮೇಲೆ ಕಾಲುದಾರಿ. ಏರು ಹೆಚ್ಚಿಲ್ಲ. ಗಾಳಿ ಮಾತ್ರ ಮರವೇ ಇಲ್ಲದ ಬಯಲಿನಲ್ಲಿ ನೇರ ಬರುತ್ತದೆ, ಮುನ್ಸೂಚನೆಯಲ್ಲಿ ಗಾಳಿ ಗಂಟೆಗೆ 60 ಕಿ.ಮೀ. ದಾಟಿದ್ದರೆ ಆ ದಿನ ಬಿಟ್ಟುಬಿಡಿ.

ಕೊನೆಯ ತಿರುವಿನಲ್ಲಿ ನಸುಗೆಂಪು ಮರಳಿನ ಕೊಲ್ಲಿ ಪೂರ್ತಿ ಕಾಣುತ್ತದೆ, ಸುಮಾರು 2 ಕಿ.ಮೀ.ಗೂ ಉದ್ದ, ಹಿಂದೆ ಮರಳದಿಬ್ಬ, ಅದರ ಹಿಂದೆ ಸ್ಯಾಂಡ್‌ವುಡ್ ಲಾಖ್ ಎಂಬ ಸಿಹಿನೀರಿನ ಸರೋವರ. ದಕ್ಷಿಣದ ತುದಿಯಲ್ಲಿ ಸಮುದ್ರದಿಂದ ನೆಟ್ಟಗೆ ಎದ್ದ ಬಂಡೆಗಂಬವೇ ಆಮ್ ಬುವಾಖಲ್. ಅದನ್ನು ಹತ್ತಿರದಿಂದ ನೋಡಲು ಪ್ರಪಾತದ ಅಂಚಿಗೆ ಹೋಗುವವರು ಹುಲ್ಲಿನ ಕೊನೆಯಿಂದ ಕನಿಷ್ಠ 5 ಮೀಟರ್ ಈಚೆಗೆ ನಿಲ್ಲಬೇಕು. ಅಲ್ಲಲ್ಲಿ ಹುಲ್ಲುಗಟ್ಟಿನ ಅಡಿಯಲ್ಲಿ ಬಂಡೆ ಇರುವುದೇ ಇಲ್ಲ, ಅಲೆಯೂ ಮಳೆಯೂ ಕೊರೆದಿರುತ್ತವೆ.

ಭರತ-ಇಳಿತದ ಲೆಕ್ಕ ಹೀಗೆ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಆದ್ದರಿಂದ ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಒಂದೇ ಸಮ ಏರುವುದಿಲ್ಲ: ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ಏರಿಬಿಡುತ್ತದೆ. ‘ಇನ್ನೂ ದೂರ ಇದೆ’ ಎಂದು ಬಂಡೆಯ ಮೂಲೆ ಸುತ್ತಿ ಆಚೆ ಹೋದವರು ಸಿಕ್ಕಿಬೀಳುವುದು ಈ ಎರಡು ಗಂಟೆಗಳಲ್ಲಿ. ಮರಳಿನ ತುದಿಯ ಬಂಡೆಗಳ ಆಚೆ ಹೋಗುವುದಿದ್ದರೆ ನೀರು ಇಳಿಯುತ್ತಿರುವಾಗ ಹೋಗಿ, ಇಳಿತದ ಹೊತ್ತಿಗೆ ಹಿಂತಿರುಗಿ. ಇನ್ನೊಂದು ಬಲೆ: ಹಲವು ಮುದ್ರಿತ ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ. ಗಡಿಯಾರ ಬದಲಾಗುವ ಮೊದಲು ಅವಕ್ಕೆ ಒಂದು ಗಂಟೆ ಸೇರಿಸಬೇಕು. ಸೇರಿಸದೆ ಹೋದರೆ ನಿಮ್ಮ ಲೆಕ್ಕವೆಲ್ಲ ಸರಿಯಿದ್ದೂ ಒಂದು ಗಂಟೆ ತಪ್ಪು. ವಿಷುವತ್ತಿನ ಆಸುಪಾಸಿನ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ವರ್ಷದ ಅತಿ ದೊಡ್ಡ ಭರತ ಬರುತ್ತದೆ ಎನ್ನುವುದು ನಮ್ಮ ಕರಾವಳಿಯ ಮೀನುಗಾರರಿಗೂ ಗೊತ್ತಿರುವ ಮಾತು. ಇಲ್ಲಿ ಅದರ ಮೇಲೆ ಅಟ್ಲಾಂಟಿಕ್ ಬಿರುಗಾಳಿಯ ಅಲೆ ಸೇರುತ್ತದೆ. ಈಜಲು ಇಳಿಯಬೇಡಿ, ಸೆಳೆತ ಬಲವಾಗಿದೆ.

ಶರತ್ಕಾಲ ಬೂದು ಸೀಲ್‌ಗಳು ಮರಿ ಹಾಕುವ ಕಾಲವೂ ಹೌದು. ದಡದಲ್ಲಿ ಬಿಳಿ ಮರಿ ಒಂಟಿಯಾಗಿ ಕಂಡರೆ ಅನಾಥ ಅಂದುಕೊಂಡು ಹತ್ತಿರ ಹೋಗಬೇಡಿ. ಮನುಷ್ಯರ ಸುಳಿವಿಗೆ ತಾಯಿ ನೀರಿನಲ್ಲೇ ಉಳಿದುಬಿಡುತ್ತದೆ.

ಕೊಲ್ಲಿಯಿಂದ ಉತ್ತರಕ್ಕೆ

ಇಲ್ಲಿಂದಾಚೆಗೆ ದಿಕ್ಸೂಚಿ ಹಿಡಿದು ಮಂಜಿನಲ್ಲಿ ನಡೆಯಬಲ್ಲವರು, ಗುಡಾರದಲ್ಲಿ ಎರಡು ರಾತ್ರಿ ಕಳೆಯಲು ಸಿದ್ಧರಿರುವವರು ಮಾತ್ರ ಹೋಗಬೇಕು. ಉಳಿದವರಿಗೆ ಕೊಲ್ಲಿಯೇ ಸಾಕು, ಅದರಲ್ಲಿ ಕಡಿಮೆಯೇನಿಲ್ಲ. ದಾರಿಯಲ್ಲಿ ಗಂಟೆಗೆ 3.5 ಕಿ.ಮೀ. ನಡೆಯುವವರು ಜವುಗಿನಲ್ಲಿ 2 ಕಿ.ಮೀ. ನಡೆದರೆ ಹೆಚ್ಚು. ದೀಪಸ್ತಂಭಕ್ಕೆ 6–7 ಗಂಟೆ ಇಟ್ಟುಕೊಳ್ಳಿ.

ಜವುಗನ್ನು ಗಿಡ ನೋಡಿ ಓದಬೇಕು. ಹೆದರ್ ಎಂಬ ಕುರುಚಲು ಪೊದೆ ಬೆಳೆದಲ್ಲಿ ನೆಲ ತಕ್ಕಮಟ್ಟಿಗೆ ಗಟ್ಟಿ, ಕಾಲಿಡಿ. ಜೊಂಡಿನ ಗಂಟುಗಳಿದ್ದಲ್ಲಿ ಒದ್ದೆ, ಆದರೆ ಗಂಟಿನ ಬುಡಕ್ಕೆ ಹೆಜ್ಜೆ ಹಾಕುತ್ತ ದಾಟಬಹುದು. ಕಣ್ಣು ಸೆಳೆಯುವ ಎಳೆಹಸಿರು ಅಥವಾ ಕೆಂಪು ಪಾಚಿಯ ಹಾಸು ಕಂಡರೆ ಸುತ್ತಿ ಹೋಗಿ. ಅದರಡಿ ನೀರು, ಎಷ್ಟು ಆಳವೆಂದು ಕೋಲು ಇಳಿಸಿದ ಮೇಲೇ ಗೊತ್ತಾಗುವುದು. ಮೊಣಕಾಲಿನವರೆಗೆ ಕಾಲು ಹೂತರೆ ನೇರ ಮೇಲಕ್ಕೆ ಜಗ್ಗಬೇಡಿ: ಬೂಟು ಒಳಗೆ ಉಳಿದು ಕಾಲು ಮಾತ್ರ ಬರುತ್ತದೆ. ಚೀಲ ಕಳಚಿ ಪಕ್ಕಕ್ಕೆಸೆದು, ಗಟ್ಟಿ ನೆಲದ ಕಡೆ ಮೈ ಒರಗಿಸಿ, ಹಿಮ್ಮಡಿಯನ್ನು ಅತ್ತಿತ್ತ ಆಡಿಸಿದರೆ ಗಾಳಿ ಒಳಹೋಗಿ ಹಿಡಿತ ಬಿಡುತ್ತದೆ.

ಹೊಳೆಗಳದ್ದೇ ದೊಡ್ಡ ಮಾತು. ಮೊದಲನೆಯದು ಸ್ಯಾಂಡ್‌ವುಡ್ ಲಾಖ್‌ನಿಂದ ಕಡಲಿಗೆ ಹರಿಯುವ ನೀರು. ಇಳಿತದಲ್ಲಿ ಮರಳಿನ ಮೇಲೆ ಅಗಲವಾಗಿ ಹರಡಿದ ಕಡೆ ದಾಟುವುದು ಸುಲಭ, ಭರತದಲ್ಲಿ ಅಲೆ ಒಳನುಗ್ಗುತ್ತದೆ. ಆಮೇಲೆ ಸ್ಟ್ರಾತ್ ಖಾಲಿಯಖ್, ಅದರಾಚೆ ಕೀಸ್‌ಗೇಗ್. ಕಡಲಂಚಿನಲ್ಲಿ ಕಣಿವೆ ಕಡಿದು, ಒಳನಾಡಿಗೆ ಸರಿದು ದಾಟಬೇಕು. ದಾಟುವಾಗ ಬೂಟು ಬಿಚ್ಚಬೇಡಿ, ಕಾಲುಚೀಲ ಬೇಕಾದರೆ ತೆಗೆಯಿರಿ. ಚೀಲದ ಸೊಂಟದ ಪಟ್ಟಿ ಕಳಚಿರಲಿ, ಬಿದ್ದರೆ ಚೀಲದಿಂದ ಬಿಡಿಸಿಕೊಳ್ಳಬೇಕು. ಕೋಲನ್ನು ಮೇಲ್ಹರಿವಿನ ಕಡೆ ಊರಿ, ಮುಖ ಅತ್ತಲೇ ಇಟ್ಟು, ಅಡ್ಡಡ್ಡ ಕಾಲು ಸರಿಸುತ್ತ ಹೋಗಿ. ನೀರು ರಭಸವಾಗಿದ್ದು ಮೊಣಕಾಲು ದಾಟಿದರೆ, ಅಥವಾ ತಳದಲ್ಲಿ ಕಲ್ಲುರುಳುವ ಸದ್ದು ಕೇಳಿದರೆ ಹಿಂದಕ್ಕೆ ಬನ್ನಿ. ಇವೆಲ್ಲ ಚಿಕ್ಕ ಜಲಾನಯನದ ಹೊಳೆಗಳು, ಮಳೆ ಬಂದ ಗಂಟೆಗಳಲ್ಲಿ ಉಕ್ಕಿ, ನಿಂತ ಮೇಲೆ ಅಷ್ಟೇ ಬೇಗ ಇಳಿಯುತ್ತವೆ. ಗುಡಾರ ಹಾಕಿ ಒಂದು ರಾತ್ರಿ ಕಾದರೆ ಸಾಮಾನ್ಯವಾಗಿ ದಾರಿ ಸಿಗುತ್ತದೆ. ಊಟ ಒಂದು ದಿನದ್ದು ಹೆಚ್ಚಿಗೆ ಇರಬೇಕು ಎನ್ನುವುದು ಇದೇ ಕಾರಣಕ್ಕೆ.

ಮಳೆಗೆ ಸಿಕ್ಕವರಿಗೆ ಸ್ಟ್ರಾತ್‌ಖಾಲಿಯಖ್ ಬಾಥಿ ಇದೆ, ಬೀಗವಿಲ್ಲದ ಕಲ್ಲುಮನೆ, ನೋಡಿಕೊಳ್ಳುವುದು ಮೌಂಟನ್ ಬಾಥೀಸ್ ಅಸೋಸಿಯೇಷನ್. ಬಾಡಿಗೆಯಿಲ್ಲ, ಶೌಚಾಲಯವಿಲ್ಲ, ಕರೆಂಟಿಲ್ಲ. ಬಹಳ ವರ್ಷ ಇಲ್ಲಿ ಒಂಟಿಯಾಗಿ ಬದುಕಿದ್ದ ಜೇಮ್ಸ್ ಮೆಕ್‌ರೋರಿ ಸ್ಮಿತ್ ಬರೆದ ಚಿತ್ರಗಳು ಗೋಡೆಯ ಮೇಲೆ ಇನ್ನೂ ಇವೆ, ಕೈ ಹಚ್ಚಬೇಡಿ. ಜಾಗ ತುಂಬಿರಬಹುದು, ಇದನ್ನೇ ನಂಬಿ ಗುಡಾರವಿಲ್ಲದೆ ಹೊರಡಬಾರದು. ಮಲವಿಸರ್ಜನೆಗೆ ಗುದ್ದಲಿಯಿಂದ 15 ಸೆಂ.ಮೀ. ಗುಂಡಿ, ನೀರಿನಿಂದ 30 ಮೀಟರ್ ದೂರ. ಹೊಳೆಯ ನೀರು ಚಹಾದ ಡಿಕಾಕ್ಷನ್‌ನಂತೆ ಕಂದು ಬಣ್ಣದ್ದು. ಅದು ಪೀಟ್ ಮಣ್ಣಿನ ಬಣ್ಣ, ಕೇಡಿಲ್ಲ. ಆದರೆ ಮೇಲೆಲ್ಲೋ ಕುರಿ ಸತ್ತಿರಬಹುದು, ಕುದಿಸಿ. ಫಿಲ್ಟರ್ ತಂದಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಪೀಟ್ ಕಣ ಸೇರಿ ಬೇಗ ಕಟ್ಟಿಕೊಳ್ಳುತ್ತದೆ.

ಕೀಸ್‌ಗೇಗ್ ದಾಟಿದ ಮೇಲೆ ಬೇಲಿಯೊಂದು ಅಡ್ಡ ಬರುತ್ತದೆ. ಅದರಾಚೆ ರಕ್ಷಣಾ ಇಲಾಖೆಯ ಗುಂಡು ಹಾರಿಸುವ ಬಯಲು. ಕೆಂಪು ಬಾವುಟ ಅಥವಾ ರಾತ್ರಿ ಕೆಂಪು ದೀಪ ಕಂಡರೆ ಒಳಗೆ ಹೋಗುವಂತಿಲ್ಲ. ಅಭ್ಯಾಸದ ದಿನಗಳನ್ನು ಇಲಾಖೆ ಮುಂಚಿತವಾಗಿ ಪ್ರಕಟಿಸುತ್ತದೆ, ಮನೆ ಬಿಡುವ ಮೊದಲೇ ನೋಡಿಕೊಳ್ಳಿ, ಶರತ್ಕಾಲದಲ್ಲಿ ದೊಡ್ಡ ಅಭ್ಯಾಸಗಳು ಬೀಳುವುದುಂಟು. ಬಯಲಿನಲ್ಲಿ ಬಿದ್ದ ಲೋಹದ ಯಾವುದನ್ನೂ ಮುಟ್ಟಬೇಡಿ.

ರಾಬರ್ಟ್ ಸ್ಟೀವನ್‌ಸನ್ 1828ರಲ್ಲಿ ಕಟ್ಟಿದ ದೀಪಸ್ತಂಭ ತಲುಪಿದ ಮೇಲೆ ವಾಪಸು ಹೇಗೆ? ಬೇಸಿಗೆಯಲ್ಲಿ ಮಿನಿಬಸ್ಸು 18 ಕಿ.ಮೀ. ಕಚ್ಚಾರಸ್ತೆಯಲ್ಲಿ ಕರೆದೊಯ್ದು ಕೈಲ್ ಆಫ್ ಡರ್ನೆಸ್ ಎಂಬ ಒಳಚಾಚಿದ ಕಡಲನ್ನು ದಾಟುವ ಸಣ್ಣ ದೋಣಿಗೆ ಮುಟ್ಟಿಸುತ್ತದೆ. ದೋಣಿ ಸೆಪ್ಟೆಂಬರ್ ಸುಮಾರಿಗೆ ನಿಲ್ಲುತ್ತದೆ, ಇದ್ದಾಗಲೂ ಗಾಳಿ ಎದ್ದರೆ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಬಂದ ದಾರಿಯಲ್ಲೇ ವಾಪಸು ಬ್ಲೇರ್‌ಮೋರ್‌ಗೆ ನಡೆಯುವ ಲೆಕ್ಕ ಹಾಕಿಕೊಂಡೇ ಹೊರಡಿ.

ಕೈಕೊಟ್ಟಾಗ

ಜೊತೆಯವರು ಎಡವತೊಡಗಿ, ಮಾತು ತೊದಲಿ, ‘ನನಗೆ ಚಳಿ ಇಲ್ಲ’ ಎಂದು ಜಾಕೆಟ್ ಬಿಚ್ಚಲು ಹೊರಟರೆ ಮೈಶಾಖ ಅಪಾಯದ ಮಟ್ಟಕ್ಕೆ ಇಳಿದಿದೆ. ನಡೆಸಬೇಡಿ. ಗಾಳಿ ಮರೆಗೆ ಕೂರಿಸಿ, ಒಣಬಟ್ಟೆ ಹಾಕಿಸಿ, ಕೆಳಗೂ ಹಾಸಿ, ಎಚ್ಚರವಿದ್ದರೆ ಸಿಹಿ ಕುಡಿಸಿ. ಮದ್ಯ ಬೇಡ. ಸಹಾಯಕ್ಕೆ 999 ಒತ್ತಿ. ಬಯಲಿನಲ್ಲಾದರೆ ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು, ಕಡಲಂಚಿನಲ್ಲಾದರೆ ಕೋಸ್ಟ್‌ಗಾರ್ಡ್. ಸಿಗ್ನಲ್ ದುರ್ಬಲವಿದ್ದಲ್ಲಿ ಸಂದೇಶ ಹೋಗಬಹುದು, ಆದರೆ ಅದಕ್ಕೆ ಮೊದಲೇ 999ಕ್ಕೆ ‘ರಿಜಿಸ್ಟರ್’ ಎಂಬ ಇಂಗ್ಲಿಷ್ ಪದ ಕಳಿಸಿ ನೋಂದಾಯಿಸಿರಬೇಕು. ಸೀಟಿಯ ಸಂಕೇತ ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಎಲ್ಲಿಗೆ ಹೋಗುತ್ತಿದ್ದೀರಿ, ಯಾವ ಹೊತ್ತು ದಾಟಿದರೆ ಹುಡುಕಲು ಹೇಳಬೇಕು ಎನ್ನುವುದನ್ನು ಊರಲ್ಲಿರುವ ಒಬ್ಬರಿಗೆ ಬರೆದು ಕೊಟ್ಟಿರಿ.

ರೂಮಿಗೆ ಬಂದ ಮೇಲೆ ಸ್ನಾನಕ್ಕೆ ಮೊದಲು ಉಣುಗು ನೋಡಿಕೊಳ್ಳಿ: ಮೊಣಕಾಲಿನ ಹಿಂದೆ, ತೊಡೆಸಂದಿ, ಸೊಂಟ, ಕಂಕುಳು. ಮಂಗನ ಕಾಯಿಲೆಯ ಭಯವಿರುವ ಮಲೆನಾಡಿನವರಿಗೆ ಉಣುಗು ಹೊಸದಲ್ಲ, ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಅಕ್ಟೋಬರಿನಲ್ಲೂ ಅವು ಚುರುಕಾಗಿರುತ್ತವೆ. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನಕ್ಕೆ ನೇರ ಎಳೆಯಿರಿ, ಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ಮುಂದಿನ 30 ದಿನದೊಳಗೆ ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ವೃತ್ತ ಕಂಡರೆ, ಅಥವಾ ಜ್ವರ, ಮೈಕೈ ನೋವು ಬಂದರೆ ವೈದ್ಯರಿಗೆ ‘ಹೈಲ್ಯಾಂಡ್‌ನಲ್ಲಿ ಉಣುಗು ಕಚ್ಚಿತ್ತು’ ಎಂದು ಬಾಯಿಬಿಟ್ಟು ಹೇಳಿ. ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದರೆ ಇನ್ನೂ ಒತ್ತಿ ಹೇಳಿ, ಅಲ್ಲಿ ಜ್ವರ ಎಂದರೆ ಮೊದಲು ಡೆಂಗಿ ಪರೀಕ್ಷೆಯೇ.