ಹುಲಿಗಿಗೆ ನಡೆದು ಬರುವವರಿಗೆ, ಲಾರಿ ಕ್ಯಾಬಿನ್‌ನಿಂದ

ಸಂಡೂರಿನಿಂದ ಗಿಣಿಗೇರಿಗೆ ಅದಿರು ಹೊಡೆಯುವ ಡ್ರೈವರ್ ನಾನು. ಹುಣ್ಣಿಮೆ ಬಂತೆಂದರೆ ಹಿಟ್ನಾಳ, ಮುನಿರಾಬಾದ್ ಕಡೆ 50ನೇ ಹೆದ್ದಾರಿಯ ಅಂಚಿನಲ್ಲಿ ಕೊಪ್ಪಳ ಜಿಲ್ಲೆಯ ಹುಲಿಗಿಗೆ, ಹುಲಿಗೆಮ್ಮ ದೇವಿಯ ದರ್ಶನಕ್ಕೆ ನಡೆದು ಹೋಗುವವರು ಸಿಗುತ್ತಾರೆ. ಮುದುಕರು, ಕಂಕುಳಲ್ಲಿ ಕೂಸು ಹೊತ್ತ ಹೆಣ್ಮಕ್ಕಳು. ಸ್ಟೇರಿಂಗ್ ಹಿಡಿದವನಿಗೆ ಏನು ಕಾಣುತ್ತೆ, ಏನು ಕಾಣೋದಿಲ್ಲ ಅನ್ನೋದು ಅವರಿಗೆ ಗೊತ್ತಿರಬೇಕು.

ಸರ್ವಿಸ್ ರಸ್ತೆ ಇದ್ದರೆ ಸುತ್ತಾದರೂ ಅದರಲ್ಲೇ ಹೋಗಿ. ಇಲ್ಲದ ಕಡೆ ಗಾಡಿಗಳು ಎದುರಿಗೆ ಬರುವ ಬದಿಯಲ್ಲಿ, ರಸ್ತೆಯ ಹೊರ ಅಂಚಿನಲ್ಲಿ, ಒಬ್ಬರ ಹಿಂದೊಬ್ಬರು ನಡೆಯಿರಿ. ಬೆನ್ನ ಹಿಂದೆ ಬರುವ ಗಾಡಿ ವಾಲಿದರೆ ಪಕ್ಕಕ್ಕೆ ಹಾರಲೂ ಆಗೋದಿಲ್ಲ.

ಹರಕೆ ಹೊತ್ತು ಬರಿಗಾಲಲ್ಲಿ ಬರುವವರು ಬಿಳಿ ಗೆರೆಯ ಮೇಲೇ ನಡೆಯುತ್ತಾರೆ. ಯಾಕಂದ್ರೆ ಬಿಸಿಲಿಗೆ ಡಾಂಬರು ಸುಡುತ್ತೆ, ಅಂಚಿನಲ್ಲಿ ಜಲ್ಲಿ, ಜಾಲಿ ಮುಳ್ಳು. ಬಣ್ಣ ಬಳಿದ ಆ ಗೆರೆಯೊಂದೇ ಸ್ವಲ್ಪ ತಣ್ಣಗೆ, ನುಣ್ಣಗೆ ಇರೋದು. ನಮ್ಮ ಟೈರು ಓಡೋದೂ ಅದರ ಪಕ್ಕದಲ್ಲೇ. ಅದಕ್ಕೇ ಹೇಳೋದು, ಬಿಸಿಲು ಏರುವ ಮುಂಚೆ ಸಾಧ್ಯವಾದಷ್ಟು ನಡೆದುಬಿಡಿ, ಮಧ್ಯಾಹ್ನ ನೆರಳು ಸಿಕ್ಕಲ್ಲಿ ಕೂತುಬಿಡಿ.

ರಾತ್ರಿಯದು ಬೇರೆಯೇ ಕಥೆ. ಡಿಪ್ ಲೈಟಿನಲ್ಲಿ, ಅಂದ್ರೆ ಕೆಳಕ್ಕೆ ಬಾಗಿಸಿದ ಬೆಳಕಿನಲ್ಲಿ, ಕಪ್ಪು ಬಟ್ಟೆಯವರು ಕಾಣೋ ಹೊತ್ತಿಗೆ ಐವತ್ತು ಮೀಟರೂ ಉಳಿದಿರೋದಿಲ್ಲ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತೆ. ಎದುರು ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆದರಂತೂ ನಡುವೆ ನಿಂತ ಮನುಷ್ಯ ಮಾಯ. ಬ್ಯಾಗಿನ ಹಿಂದೆ ಮುಂದೆ ರೇಡಿಯಂ ಪಟ್ಟಿ ಅಂಟಿಸಿ. ಕಾಲಿನ ಗಿಣ್ಣಿಗೂ ಒಂದು ಕಟ್ಟಿಕೊಳ್ಳಿ. ಮೇಲೆ ಕೆಳಗೆ ಆಡುವ ಹೊಳಪು ಕಂಡ ತಕ್ಷಣ ಅದು ಕಂಬವಲ್ಲ, ಮನುಷ್ಯ ಅಂತ ನಮಗೆ ಗೊತ್ತಾಗುತ್ತೆ. ಸಾಲಿನ ಮೊದಲನೆಯವರ ಕೈಯಲ್ಲೂ ಕೊನೆಯವರ ಕೈಯಲ್ಲೂ ಟಾರ್ಚ್ ಇರಲಿ.

ದಾಟುವಾಗ ಕ್ರಾಸ್‌ಗೆ ಬಂದು ದಾಟಿ. ಡಿವೈಡರ್ ಗಿಡಗಳ ನಡುವಿನಿಂದ ಇಳಿದವರು ನಮಗೆ ಕಾಣೋದೇ ಇಲ್ಲ. ಏಳು ಮೀಟರ್ ರಸ್ತೆ ದಾಟಲು ಆರೇಳು ಸೆಕೆಂಡು ಬೇಕು, ಅಷ್ಟರಲ್ಲಿ 80ರ ಗಾಡಿ 130 ಮೀಟರ್ ದಾಟಿರುತ್ತೆ. ದೂರ ಇದೆ ಅಂತ ಅನ್ನಿಸಿದ್ದನ್ನು ನಂಬಬೇಡಿ. ಒಂದು ಲಾರಿ ನಿಂತು ಕೈ ಮಾಡಿದರೂ ಅದರ ಮರೆಯಿಂದ ಬೈಕು ನುಗ್ಗಿ ಬರಬಹುದು, ಇಣುಕಿ ನೋಡಿ. ಲಾರಿಯ ಮೂತಿಗೆ ಅಂಟಿಕೊಂಡಂತೆ ದಾಟಬೇಡಿ, ಅಲ್ಲಿ ಮಕ್ಕಳು ಸೀಟಿನಿಂದ ಕಾಣೋದಿಲ್ಲ. ಒನ್ ವೇ ಆದರೂ ಎರಡೂ ಕಡೆ ನೋಡಿ, ಯೂ ಟರ್ನ್ ದೂರ ಅಂತ ಉಲ್ಟಾ ಬರುವ ಬೈಕುಗಳು ಬಹಳ.

ಯಾರಿಗಾದರೂ ಪೆಟ್ಟಾದರೆ 108ಕ್ಕೆ, ಹೆದ್ದಾರಿಯ ಸಹಾಯಕ್ಕೆ 1033ಕ್ಕೆ ಫೋನ್ ಮಾಡಿ. ಸಹಾಯ ಮಾಡಿದವರು ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಡಿ 2020ರಲ್ಲಿ ಮಾಡಿದ ನಿಯಮದಲ್ಲೇ ಇದೆ.

ಇನ್ನು ನಮ್ಮ ಡ್ರೈವರ್ ಅಣ್ಣಂದಿರಿಗೆ. ‘ಹೈವೇ ಇರೋದು ಗಾಡಿಗೆ, ನಡೆಯೋರಿಗೆ ಇಲ್ಲೇನು ಕೆಲಸ’ ಅಂತ ಢಾಬಾದಲ್ಲಿ ಮಾತಾಡ್ತೀವಿ. ರಸ್ತೆ ಇಷ್ಟು ಅಗಲ ಆಗೋಕೆ ಮುಂಚಿನಿಂದಲೂ ಈ ಜನ ಇಲ್ಲಿ ನಡೀತಿದ್ದಾರೆ, ಅಲ್ವಾ? ಹಾರ್ನ್ ಹೊಡೆದರೆ ನಮ್ಮ ಕೆಲಸ ಮುಗಿಯಲಿಲ್ಲ. ಹಿಂದಿನಿಂದ ಜೋರಾಗಿ ಹೊಡೆದರೆ ಅಜ್ಜಿ ಬೆದರಿ ಎಡಕ್ಕೂ ಹಾರಬಹುದು, ಬಲಕ್ಕೂ ಹಾರಬಹುದು. ಜನ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. 40ಕ್ಕೆ ಇಳಿಸಿ, ಲೈಟ್ ಡಿಪ್ ಮಾಡಿ, ಬಲಗಡೆ ಲೇನ್ ಖಾಲಿ ಇದ್ದರೆ ಇಂಡಿಕೇಟರ್ ಹಾಕಿ ಅದಕ್ಕೆ ಹೋಗಿ. ಖಾಲಿ ಇಲ್ಲದಿದ್ದರೆ ಅವರ ಹಿಂದೆ ನಿಧಾನಕ್ಕೆ ಬನ್ನಿ. ಲೋಡು ಹತ್ತು ನಿಮಿಷ ತಡವಾಗಿ ಮುಟ್ಟಲಿ.