ದಾರಿಯಲ್ಲಿ ನೆರವು ಕೇಳುವುದನ್ನು ಕಲಿತ ಬಗೆ

ಒಬ್ಬಳೇ ಸೈಕಲ್ಲಿನಲ್ಲಿ ದೂರ ಪ್ರಯಾಣ ಮಾಡಬೇಕೆಂದು ಮೊದಲ ಬಾರಿ ನಿರ್ಧರಿಸಿದಾಗ ನನ್ನ ಸಿದ್ಧತೆಯೆಲ್ಲ ಸೈಕಲ್ ಮತ್ತು ದೇಹಕ್ಕೆ ಸಂಬಂಧಿಸಿದ್ದಾಗಿತ್ತು. ಪೆಡಲ್ ಕೆಳತುದಿಗೆ ಬಂದಾಗ ಮಂಡಿ ತುಸುವೇ ಮಡಿಚಿರುವಂತೆ ಸೀಟಿನ ಎತ್ತರ ಹೊಂದಿಸಿಕೊಂಡೆ. ಭಾರದ ಸಾಮಾನುಗಳನ್ನು ಕ್ಯಾರಿಯರ್‌ನ ಎರಡೂ ಬದಿಯ ಚೀಲಗಳ ತಳಕ್ಕೆ ಸೇರಿಸಿದೆ. ಸಲ್ಯೂಷನ್ ಸ್ವಲ್ಪ ಒಣಗಿದ ಮೇಲೆಯೇ ಪ್ಯಾಚ್ ಅಂಟಿಸಬೇಕೆಂಬುದನ್ನು ಕೈಯಾರೆ ಪಂಕ್ಚರ್ ಹಾಕಿ ಕಲಿತೆ. ಇವೆಲ್ಲ ಅಗತ್ಯವೇ. ಆದರೆ ಅಪರಿಚಿತರ ನೆರವನ್ನು ಕೇಳುವುದಕ್ಕೂ ಪಡೆಯುವುದಕ್ಕೂ ಇಷ್ಟೇ ಸಿದ್ಧತೆ ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಆದ್ದರಿಂದ ಅದನ್ನೇ ಇಲ್ಲಿ ಹೆಚ್ಚಾಗಿ ವಿವರಿಸುತ್ತೇನೆ.

ಸೈಕಲ್ ಸವಾರರೊಂದಿಗೆ ಜನ ಬೇಗ ಮಾತಿಗಿಳಿಯುವುದಕ್ಕೆ ಕಾರಣವಿದೆ. ಸಾಮಾನು ಹೊತ್ತ ಸೈಕಲ್ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15ರಿಂದ 20 ಕಿಲೋಮೀಟರ್ ಸಾಗುತ್ತದೆ, ಕಡಿದಾದ ಏರಿನಲ್ಲಿ ನಡಿಗೆಯ ವೇಗಕ್ಕೇ ಇಳಿಯುತ್ತದೆ. ದಾರಿಬದಿಯಲ್ಲಿ ನಿಂತವರಿಗೆ ನಮ್ಮ ಮುಖವೂ ದಣಿವೂ ಕಾಣುತ್ತವೆ, ಎಲ್ಲಿಗೆ ಹೊರಟಿರಿ ಎಂದು ಕೇಳಿ ಉತ್ತರ ಪಡೆಯುವಷ್ಟು ಸಮಯವೂ ಸಿಗುತ್ತದೆ. ಥಾಮಸ್ ಸ್ಟೀವನ್ಸ್ 1884ರಿಂದ 1886ರವರೆಗೆ, ಮುಂದಿನ ಚಕ್ರ ಬಹಳ ದೊಡ್ಡದಾಗಿದ್ದ ಆ ಕಾಲದ ಸೈಕಲ್ಲಿನಲ್ಲಿ ಭೂಮಿಯನ್ನು ಸುತ್ತಿ ಬಂದಾಗ ಆತ ಒಯ್ದ ಸಾಮಾನು ಅತ್ಯಲ್ಪವಾಗಿತ್ತು. ಉಣ್ಣುವುದಕ್ಕೂ ಮಲಗುವುದಕ್ಕೂ ಆತ ಮತ್ತೆ ಮತ್ತೆ ದಾರಿಯ ಜನರನ್ನೇ ನೆಚ್ಚಬೇಕಾಯಿತು.

ನಾನು ರೂಢಿಸಿಕೊಂಡ ಕ್ರಮ ಸರಳವಾದದ್ದು. ಕತ್ತಲಾಗುವುದಕ್ಕೆ ಒಂದೂವರೆ ಗಂಟೆ ಮೊದಲೇ ತಂಗುವ ಜಾಗದ ವಿಚಾರಣೆ ಆರಂಭಿಸುತ್ತಿದ್ದೆ. ಹೊತ್ತು ಮುಳುಗಿದ ಮೇಲೆ ಬಾಗಿಲು ತಟ್ಟಿದರೆ ಒಳಗಿರುವವರಿಗೆ ಭಯ, ಹೊರಗಿರುವವರಿಗೆ ಆತುರ. ಎರಡರಲ್ಲಿಯೂ ಸರಿಯಾದ ತೀರ್ಮಾನ ಹುಟ್ಟುವುದಿಲ್ಲ. ಮಾತನಾಡುವ ಮುನ್ನ ಹೆಲ್ಮೆಟ್ಟನ್ನೂ ಕಪ್ಪು ಕನ್ನಡಕವನ್ನೂ ತೆಗೆಯುತ್ತಿದ್ದೆ. ಮೊದಲು ಕೇಳುತ್ತಿದ್ದದ್ದು ಬಾಟಲಿಗೆ ನೀರನ್ನು ಮಾತ್ರ. ಯಾರಿಗೂ ಹೊರೆಯಾಗದ ಆ ಸಣ್ಣ ಕೋರಿಕೆಯ ಅವಧಿಯಲ್ಲಿ ಅವರು ನನ್ನನ್ನೂ ನಾನು ಅವರನ್ನೂ ಅಳೆದು ನೋಡಲು ಸಾಧ್ಯವಾಗುತ್ತಿತ್ತು. ಅನಂತರ, “ನಿಮ್ಮಲ್ಲಿ ಉಳಿದುಕೊಳ್ಳಬಹುದೇ?” ಎಂದು ಕೇಳದೆ, “ಈ ಸುತ್ತಿನಲ್ಲಿ ಒಂದು ರಾತ್ರಿ ಡೇರೆ ಹಾಕಿಕೊಳ್ಳುವಂಥ ಜಾಗ ಎಲ್ಲಾದರೂ ಇದೆಯೇ?” ಎಂದು ವಿಚಾರಿಸುತ್ತಿದ್ದೆ. ಹೀಗೆ ಕೇಳಿದಾಗ ಇಷ್ಟವಿಲ್ಲದವರು ಸಂಕೋಚವಿಲ್ಲದೆ ಬೇರೆ ಜಾಗ ತೋರಿಸಬಹುದು, ಇಷ್ಟವಿರುವವರು ತಾವಾಗಿಯೇ ಒಳಗೆ ಕರೆಯಬಹುದು. ಇಲ್ಲವೆನ್ನುವ ಸ್ವಾತಂತ್ರ್ಯವನ್ನು ಎದುರಿನವರಿಗೆ ಉಳಿಸದ ಕೋರಿಕೆ ಕೋರಿಕೆಯಲ್ಲ, ಒತ್ತಾಯ ಎಂದೇ ನಾನು ತಿಳಿಯುತ್ತೇನೆ.

ಒಂದು ಮಧ್ಯಾಹ್ನ ಹಿಂದಿನ ಚಕ್ರದ ಕಡ್ಡಿ ಮುರಿಯಿತು, ಅದೂ ಗೇರಿನ ಬದಿಯದು. ಭಾರ ಹೊತ್ತ ಸೈಕಲ್ಲಿನಲ್ಲಿ ಹೆಚ್ಚಾಗಿ ಮುರಿಯುವುದು ಅಲ್ಲಿಯ ಕಡ್ಡಿಗಳೇ. ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಆ ಬದಿಯ ಕಡ್ಡಿಗಳು ಹೆಚ್ಚು ನೆಟ್ಟಗಿದ್ದು, ಹೆಚ್ಚು ಬಿಗಿಯಾಗಿರುತ್ತವೆ. ಅದನ್ನು ಬದಲಿಸಬೇಕಾದರೆ ಹಲ್ಲುಚಕ್ರಗಳ ಗುಂಪನ್ನು ಬಿಚ್ಚುವ ವಿಶೇಷ ಸಲಕರಣೆ ಬೇಕು. ನನ್ನ ಬಳಿ ಅದಿರಲಿಲ್ಲ. ರಸ್ತೆಬದಿಯಲ್ಲಿ ನೀರಿನ ಪಂಪು ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ತಮ್ಮ ಕೆಲಸ ಬಿಟ್ಟು ಬಂದರು. ಮುರಿದ ಕಡ್ಡಿಯ ಅಕ್ಕಪಕ್ಕದಲ್ಲಿ ಎದುರು ಬದಿಗೆ ಎಳೆಯುತ್ತಿದ್ದ ಎರಡು ಕಡ್ಡಿಗಳನ್ನು ಸ್ವಲ್ಪ ಸಡಿಲಿಸಿ, ರಿಮ್ಮಿನ ಬೆಂಡನ್ನು ಆದಷ್ಟು ತೆಗೆದು, ಚಕ್ರ ಉಜ್ಜದಂತೆ ಬ್ರೇಕಿನ ಅಂತರವನ್ನು ಹೆಚ್ಚಿಸಿದರು. ಹಿಂದಿನ ಬ್ರೇಕನ್ನು ನಂಬದೆ ನಿಧಾನವಾಗಿ ಹೋಗಬೇಕೆಂದು ಎರಡೆರಡು ಬಾರಿ ಹೇಳಿ, ಮುಂದಿನ ಊರಿನಲ್ಲಿದ್ದ ತಮ್ಮ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ನಾನು ತಲುಪುವ ಹೊತ್ತಿಗೆ ಆ ಮೆಕ್ಯಾನಿಕ್ ಅಂಗಡಿ ಮುಚ್ಚದೆ ಕಾಯುತ್ತಿದ್ದರು. ಹಿರಿಯರು ಹಣ ಮುಟ್ಟಲಿಲ್ಲ, ತಲುಪಿದ ಸುದ್ದಿ ತಿಳಿಸಿದರೆ ಸಾಕೆಂದಿದ್ದರು. ಸುದ್ದಿ ತಿಳಿಸಿದಾಗ ಅವರ ದನಿಯಲ್ಲಿದ್ದ ನೆಮ್ಮದಿ ನನಗೆ ಇಂದಿಗೂ ನೆನಪಿದೆ. ಮೆಕ್ಯಾನಿಕ್‌ಗೆ ಮಾತ್ರ ಪೂರ್ತಿ ಕೂಲಿ ಕೊಟ್ಟೆ. ಒಬ್ಬರ ಜೀವನೋಪಾಯವಾದ ಕೆಲಸವನ್ನು ಅವರ ಒಳ್ಳೆಯತನದ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ.

ಎಲ್ಲ ಆಹ್ವಾನಗಳನ್ನೂ ನಾನು ಒಪ್ಪಿಕೊಳ್ಳಲಿಲ್ಲ. ರಾತ್ರಿ ಎಲ್ಲಿ ತಂಗುತ್ತೀರಿ ಎಂದು ಪದೇ ಪದೇ ಕೇಳಿದವರಿಗೆ ನಿಜವಾದ ಜಾಗ ಹೇಳಲಿಲ್ಲ. ಹೆಂಗಸರೂ ಮಕ್ಕಳೂ ಕಾಣುವ ಮನೆಗಳ ಮುಂದೆಯೇ ವಿಚಾರಿಸುತ್ತಿದ್ದೆ, ತಂಗುವ ಜಾಗವನ್ನು ಪ್ರತಿ ಸಂಜೆ ಮನೆಯವರಿಗೆ ತಿಳಿಸುತ್ತಿದ್ದೆ. ಮನಸ್ಸಿಗೆ ಏನೋ ಸರಿಯೆನಿಸದಿದ್ದರೆ ಕಾರಣ ಹುಡುಕುತ್ತಾ ನಿಲ್ಲದೆ ಮುಂದೆ ಹೊರಡುತ್ತಿದ್ದೆ. ಒಂಟಿಯಾಗಿ ಹೊರಡುವ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ: ಈ ಎಚ್ಚರ ಜನರ ಮೇಲಿನ ವಿಶ್ವಾಸಕ್ಕೆ ವಿರುದ್ಧವಾದುದಲ್ಲ, ಅದಿದ್ದುದರಿಂದಲೇ ನಾನು ಉಳಿದೆಡೆ ನಿರಾಳವಾಗಿ ನಂಬಲು ಸಾಧ್ಯವಾಯಿತು.

ಈಗ ನಾನೂ ಸೈಕಲ್ ಪ್ರಯಾಣಿಕರನ್ನು ಮನೆಯಲ್ಲಿ ಉಳಿಸಿಕೊಳ್ಳುತ್ತೇನೆ. ಹೀಗೆ ಆತಿಥ್ಯ ನೀಡಲು ಒಪ್ಪುವವರು ಹೆಸರು ನೋಂದಾಯಿಸಿಕೊಳ್ಳುವ ‘ವಾರ್ಮ್ ಶವರ್ಸ್’ ಎಂಬ ಜಾಲ 1993ರಿಂದಲೂ ಇದೆ. ಅತಿಥಿಯಾಗಿದ್ದ ಅನುಭವದಿಂದ ಒಂದೆರಡು ವಿಷಯಗಳು ನನಗೆ ಗೊತ್ತಾಗಿವೆ. ಬಂದವರಿಗೆ ಮೊದಲು ಬೇಕಾಗುವುದು ಸ್ನಾನ, ಬಟ್ಟೆ ಒಗೆದು ಹರವಲು ಒಂದು ಹಗ್ಗ, ಸೈಕಲ್ಲನ್ನು ಒಳಗೆ ನಿಲ್ಲಿಸಲು ಜಾಗ ಮತ್ತು ಬೇಗನೆ ಊಟ. ಪ್ರಯಾಣದ ಕಥೆಯನ್ನು ಬೆಳಿಗ್ಗೆ ಅವರ ಸಾಮಾನು ಕಟ್ಟಲು ನೆರವಾಗುವಾಗ ಕೇಳುತ್ತೇನೆ.