ಎಲ್‌ಇಡಿ ಟಿವಿಯಲ್ಲಿ ಬೀಳದ ಬಾತುಕೋಳಿ

ತಿಪಟೂರಿನ ನಮ್ಮ ಮನೆಯ ಅಟ್ಟದಲ್ಲಿ ವರ್ಷದ ಬಹುಪಾಲು ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿಗಳೇ ತುಂಬಿರುತ್ತವೆ. ಕಳೆದ ಬೇಸಿಗೆಯಲ್ಲಿ ಕಾಯಿ ಇಳಿಸಿದ ಮೇಲೆ ಗುಡಿಸಲೆಂದು ಹತ್ತಿದವನಿಗೆ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಸಿಕ್ಕಿತು. ಒಳಗೆ 1996ರ ದಸರಾ ರಜೆಯಲ್ಲಿ ಅಪ್ಪ ತಂದುಕೊಟ್ಟಿದ್ದ ಟಿವಿ ಗೇಮ್! ಎರಡು ಕಂಟ್ರೋಲರ್, ಆಟಗಳಿರುವ ಹಳದಿ ಬಣ್ಣದ ಒಂದು ಕ್ಯಾಸೆಟ್, ಕಪ್ಪು ಪ್ಲಾಸ್ಟಿಕ್ ಬಂದೂಕು. ಬಂದೂಕು ಕಂಡೊಡನೆ ಗುಡಿಸುವ ಕೆಲಸ ಅಲ್ಲಿಗೇ ನಿಂತಿತು. ಅದಕ್ಕಾಗಿ ಅಮ್ಮನಿಂದ ಬೈಸಿಕೊಂಡದ್ದೂ ಆಯಿತು.

ಅದು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ನಕಲು ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅದು ‘ವಿಡಿಯೋ ಗೇಮ್’, ಅಷ್ಟೇ. ತಿರುಪು ಬಿಚ್ಚಿ ನೋಡಿದರೆ ಒಳಗೆ ಹೆಚ್ಚೇನೂ ಇಲ್ಲ. ಅಸಲಿ ಯಂತ್ರದಲ್ಲಿ ಬೇರೆಬೇರೆ ಚಿಪ್‌ಗಳು ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಒಂದೇ ಚಿಪ್ಪಿಗೆ ಹೊರಿಸಿ, ಅದರ ಮೇಲೆ ಪಡ್ಡಿನ ಹಿಟ್ಟು ಹುಯ್ದಂತೆ ಕಪ್ಪು ಅಂಟು ಹುಯ್ದಿದ್ದರು. ಆ ಅಂಟಿನ ಕೆಳಗಿರುವುದು ಕೆಟ್ಟಿದ್ದರೆ ಏನೂ ಮಾಡುವಂತಿಲ್ಲ, ಹೊರಗಿನದು ಕೆಟ್ಟಿದ್ದರೆ ಎಲ್ಲವನ್ನೂ ಸರಿಮಾಡಬಹುದು.

ಮೊದಲ ತಪ್ಪು ನನ್ನದೇ. ಮನೆಯಲ್ಲಿ ಬಿದ್ದಿದ್ದ 9 ವೋಲ್ಟಿನ ಅಡಾಪ್ಟರ್ ಒಂದನ್ನು ನೋಡದೆ ಸಿಕ್ಕಿಸಿದೆ. ಸುಟ್ಟ ವಾಸನೆ ಬಂತು. ಇಂದಿನ ಬಹುತೇಕ ಅಡಾಪ್ಟರ್‌ಗಳ ಪಿನ್ನಿನ ನಡುಭಾಗ ಧನ, ಹೊರಭಾಗ ಋಣ. ಈ ಯಂತ್ರಕ್ಕೆ ಬೇಕಾದದ್ದು ಅದರ ತಿರುಗುಮುರುಗು. ಪುಣ್ಯಕ್ಕೆ ಸತ್ತದ್ದು 9 ವೋಲ್ಟನ್ನು 5ಕ್ಕೆ ಇಳಿಸುವ, ಮೂರು ಕಾಲಿನ 7805 ಎಂಬ ಬಿಡಿಭಾಗ ಮಾತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದನ್ನೂ, ತಲೆ ಉಬ್ಬಿದ್ದ ಕೆಪಾಸಿಟರ್‌ಗೆ ಬದಲಿಯನ್ನೂ ತಂದು ಬೆಸುಗೆ ಹಾಕಿದೆ. ಈ ಸಲ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಅಡಾಪ್ಟರ್ ಏನನ್ನೂ ಜೋಡಿಸದಿದ್ದಾಗ 13 ವೋಲ್ಟ್ ತೋರಿಸಿತು. ಹೆದರಬೇಕಿಲ್ಲ, ಅವುಗಳ ಸ್ವಭಾವವೇ ಹಾಗೆ, ಯಂತ್ರ ಜೋಡಿಸಿ ಭಾರ ಬಿದ್ದೊಡನೆ ಇಳಿಯುತ್ತವೆ.

ಮುಂದಿನ ಸರದಿ ಕ್ಯಾಸೆಟ್. ಚಿಕ್ಕಂದಿನಲ್ಲಿ ಆಟ ಬಾರದಿದ್ದರೆ ಅದನ್ನು ಹೊರತೆಗೆದು ಬಾಯಿಂದ ಊದುತ್ತಿದ್ದೆವು, ಬರುತ್ತಿತ್ತು. ಊದಿದ್ದರಿಂದ ಬಂದದ್ದಲ್ಲ. ತೆಗೆದು ಮತ್ತೆ ತುರುಕಿದಾಗ ಲೋಹದ ಪಟ್ಟಿಗಳು ಹೊಸದಾಗಿ ತಾಗಿಕೊಳ್ಳುತ್ತವೆ, ಅಷ್ಟೇ. ನಮ್ಮ ಉಸಿರಿನ ತೇವ ಆ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತಿತ್ತು ಎಂಬುದು ಈಗ ಕಣ್ಣೆದುರೇ ಹಸಿರಾಗಿ ಕಾಣುತ್ತಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದೆ. ಚಿತ್ರ ಬಂತು.

ಕ್ಯಾಸೆಟ್ಟಿನ ಮೇಲೆ 9999999 ಆಟಗಳಿವೆ ಎಂದು ಅಚ್ಚಾಗಿತ್ತು. ಬಾಲ್ಯದ ಆ ಮೋಸವನ್ನು ಈಗಲಾದರೂ ಲೆಕ್ಕ ಹಾಕೋಣವೆಂದು ನೋಟ್‌ಬುಕ್ ಹಿಡಿದು ಕೂತೆ. ನಿಜವಾದ ಆಟಗಳು ಏಳು. ಉಳಿದದ್ದೆಲ್ಲ ಅವೇ, ಬೇರೆ ಹಂತದಿಂದ ಶುರುವಾಗುವಂತೆ ತಿದ್ದಿ ಬೇರೆ ಹೆಸರು ಕೊಟ್ಟವು. ಆದರೂ ಆ ಏಳರಲ್ಲಿ ಒಂದು ಸೂಪರ್ ಮಾರಿಯೋ. 1985ರ ಆ ಆಟ ಇಡಿಯಾಗಿ 40 ಕಿಲೋಬೈಟ್. ದಿನಾ ಬೆಳಿಗ್ಗೆ ನಮ್ಮ ದೊಡ್ಡಪ್ಪ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಶುಭೋದಯದ ಗುಲಾಬಿ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದಾರೆ. ಒಮ್ಮೆ ತಿಳಿದ ಮೇಲೆ ಅದನ್ನು ಕಾಣದಿರುವುದು ಸಾಧ್ಯವಿಲ್ಲ.

ನನಗೆ ಬೇಕಾಗಿದ್ದದ್ದು ಮಾತ್ರ ಬಾತುಕೋಳಿ. 1984ರ ಡಕ್ ಹಂಟ್, ಪರದೆಯಲ್ಲಿ ಹಾರುವ ಬಾತುಕೋಳಿಗಳನ್ನು ಬಂದೂಕಿನಿಂದ ಹೊಡೆಯುವ ಆಟ. ಹಜಾರದ 43 ಇಂಚಿನ ಎಲ್‌ಇಡಿ ಟಿವಿಗೆ ತಂತಿ ಜೋಡಿಸಿ ಅಕ್ಕನ ಮಗಳನ್ನು ಕೂಗಿದೆ. ಒಂಬತ್ತು ವರ್ಷದವಳು. ಹೊಡೆದಳು, ಮತ್ತೆ ಹೊಡೆದಳು, ಪರದೆಗೆ ನಳಿಗೆ ತಾಗಿಸಿಯೇ ಹೊಡೆದಳು. ಒಂದೂ ಬೀಳಲಿಲ್ಲ. ಹುಲ್ಲಿನಿಂದ ಎದ್ದ ನಾಯಿ ಪ್ರತಿ ಸಲವೂ ಕಿಸಕ್ಕನೆ ನಕ್ಕಿತು. “ಮಾಮ, ನಿಮ್ಮ ಬಂದೂಕು ಕೆಟ್ಟಿದೆ” ಎಂದಳು.

ಬಂದೂಕನ್ನೂ ಬಿಚ್ಚಿದೆ, ಕೆಟ್ಟಿರಲಿಲ್ಲ. ಅದರೊಳಗೆ ಗುಂಡು ಹಾರಿಸುವಂಥದ್ದು ಏನೂ ಇಲ್ಲ, ಬೆಳಕನ್ನು ಗುರುತಿಸುವ ಒಂದು ಕಣ್ಣಿದೆ. ಟಿವಿಯೇ ಬಂದೂಕಿಗೆ ಹೊಡೆಯುತ್ತದೆ ಎಂದರೂ ಸರಿಯೇ. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದೊಡನೆ ಆಟವು ಪರದೆಯನ್ನು ಪೂರ್ತಿ ಕಪ್ಪಾಗಿಸುತ್ತದೆ. ಮರುಗಳಿಗೆ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡಿಸುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಬಲ್ಬಿನ ಕಡೆ ಹಿಡಿದರೆ ಎಲ್ಲ ಕೋಳಿಗಳೂ ಬೀಳುತ್ತವೆ ಎಂದು ಶಾಲೆಯಲ್ಲಿ ಒಬ್ಬ ಗೆಳೆಯ ಆಣೆ ಮಾಡಿ ಹೇಳಿದ್ದ. ಎಷ್ಟು ಸಲ ಹೊಡೆದರೂ ಬೀಳದೆ ಹೋದದ್ದೇಕೆಂದು ಈಗ ತಿಳಿಯಿತು. ಬಲ್ಬು ಮೊದಲು ಕತ್ತಲಾಗುವುದಿಲ್ಲವಲ್ಲ!

ಇದೆಲ್ಲ ಮುಗಿಯಬೇಕಾದದ್ದು ಒಂದೆರಡು ಫ್ರೇಮ್‌ಗಳಲ್ಲಿ. ನಮ್ಮ ದೇಶದ ಹಳೆಯ ಟಿವಿಗಳ ಪಾಲ್ (PAL) ಪದ್ಧತಿಯಲ್ಲಿ ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತದೆ, ಅಂದರೆ ಒಂದಕ್ಕೆ 20 ಮಿಲಿಸೆಕೆಂಡ್. ಎಲ್‌ಇಡಿ ಟಿವಿಯಾದರೋ ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು, ಹಿಗ್ಗಿಸಿ, ನಯಗೊಳಿಸಿ ಆಮೇಲೆ ತೋರಿಸುತ್ತದೆ. ಎಷ್ಟು ತಡ? ಬಂದೂಕು ಮತ್ತು ಪರದೆ ಎರಡೂ ಕಾಣುವಂತೆ ಮೊಬೈಲ್ ನಿಲ್ಲಿಸಿ, ಸೆಕೆಂಡಿಗೆ 240 ಫ್ರೇಮ್‌ಗಳ ನಿಧಾನಗತಿಯ ವಿಡಿಯೋ ತೆಗೆದು ಎಣಿಸಿದೆ. ಕುದುರೆ ಒತ್ತಿದ ಮೇಲೆ ಪರದೆ ಕಪ್ಪಾಗಲು ಸುಮಾರು 30 ಫ್ರೇಮ್, ಅಂದರೆ 125 ಮಿಲಿಸೆಕೆಂಡ್ ಬೇಕಾಯಿತು. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದರೂ 18, ಅಂದರೆ 75 ಮಿಲಿಸೆಕೆಂಡ್. ಬಿಳಿ ಚೌಕ ಬರುವಷ್ಟರಲ್ಲಿ ಆಟ ‘ಗುರಿ ತಪ್ಪಿತು’ ಎಂದು ತೀರ್ಪು ಕೊಟ್ಟಾಗಿತ್ತು.

ಬಂದ ಚಿತ್ರವನ್ನು ತಡಮಾಡದೆ ಬಂದಂತೆಯೇ ತೋರಿಸುವ ಹಳೆಯ ಪಿಕ್ಚರ್ ಟ್ಯೂಬಿನ ಟಿವಿ ಹುಡುಕದೆ ಬೇರೆ ದಾರಿ ಇರಲಿಲ್ಲ. ಪೇಟೆಯಲ್ಲಿ ಈಗ ಮೊಬೈಲ್ ಕವರ್ ಮಾರುವ ಹಳೆಯ ರಿಪೇರಿ ಅಂಗಡಿಯ ಹಿರಿಯರು ಒಳಕೋಣೆಯಿಂದ 14 ಇಂಚಿನದೊಂದನ್ನು ಎತ್ತಿ ತಂದರು. “ಒಯ್ಯಿರಿ ಸ್ವಾಮಿ, ಗುಜರಿಯವನೂ ಮೂಸಿ ನೋಡುವುದಿಲ್ಲ” ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಯಾಕೆ ಬೇಕೆಂದು ಹೇಳಿದ ಮೇಲೆ ಮಾತ್ರ, ಬಾತುಕೋಳಿ ಬಿತ್ತೋ ಇಲ್ಲವೋ ಬಂದು ತಿಳಿಸಬೇಕೆಂದು ಷರತ್ತು ಹಾಕಿದರು.

ಆ ಟಿವಿಯನ್ನೂ ಅದೇ ಮೊಬೈಲಿನಲ್ಲಿ ಚಿತ್ರಿಸಿದೆ. ಈ ಇಡೀ ಸಾಹಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಆ ಕೆಲವು ಸೆಕೆಂಡುಗಳ ವಿಡಿಯೋ. ಪರದೆಯ ಮೇಲೆ ಪೂರ್ತಿ ಚಿತ್ರ ಒಂದು ಕ್ಷಣವೂ ಇಲ್ಲ! ಐದರಲ್ಲೊಂದು ಪಾಲಿನಷ್ಟು ಅಗಲದ ಬೆಳಕಿನ ಪಟ್ಟಿ ಮೇಲಿನಿಂದ ಕೆಳಕ್ಕೆ ಜಾರುತ್ತ ಹೋಗುತ್ತದೆ, ಅದರ ಹಿಂದೆಯೇ ಕತ್ತಲು. ಇಷ್ಟು ವರ್ಷ ನಾವು ನೋಡಿದ ಚಿತ್ರಹಾರ, ಕ್ರಿಕೆಟ್ ಎಲ್ಲ ಹೀಗೆ ಜಾರುವ ಪಟ್ಟಿಗಳೇ. ಉಳಿದದ್ದನ್ನು ತುಂಬಿಕೊಂಡದ್ದು ನಮ್ಮ ಕಣ್ಣು. ಬಿಳಿ ಚೌಕವೂ ಸಿಕ್ಕಿತು. ಪಟ್ಟಿ ಹಾದುಹೋಗುವಾಗ ಮಿಂಚಿ ಮಾಯ.

ಮೊದಲ ಹೊಡೆತಕ್ಕೇ ಕೋಳಿ ಬಿತ್ತು. ಅಕ್ಕನ ಮಗಳ ಎರಡನೆಯ ಗುರಿ ನಾಯಿ. ಅದನ್ನು ಹೊಡೆಯಲು ಬರುವುದಿಲ್ಲ ಎಂದಾಗ ಅವಳಿಗೆ ಬಂದ ಕೋಪ 1996ರಲ್ಲಿ ನನಗೆ ಬಂದಷ್ಟೇ ಇತ್ತು.

ಒಂದು ಗುಟ್ಟನ್ನು ಅವಳಿಗೆ ಇನ್ನೂ ಹೇಳಿಲ್ಲ. ಒಂದೇ ಕೋಳಿಯ ಆಟದಲ್ಲಿ, ಕಂಟ್ರೋಲರ್ ಹಿಡಿದು ಪಕ್ಕದಲ್ಲಿ ಕೂತವರು ಆ ಕೋಳಿಯನ್ನು ಬೇಕಾದತ್ತ ಹಾರಿಸಬಹುದು. ಹತ್ತನೆಯ ಸುತ್ತಿನವರೆಗೆ ಸಲೀಸಾಗಿ ಬಂದವಳಿಗೆ ಆಮೇಲೆ ಒಂದೂ ಸಿಗಲಿಲ್ಲ. “ಈ ಟಿವಿಯೂ ಕೆಟ್ಟಿತು ಮಾಮ” ಎಂದು ಬಂದೂಕು ಕೆಳಗಿಟ್ಟಳು. ಹಿಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮ ನನ್ನ ಹೆಬ್ಬೆರಳುಗಳನ್ನೇ ನೋಡುತ್ತಿದ್ದರು.